ಇಳಕಲ್ ಸೀರೆಯ ಕೊಂಡಿ
(ನಾಗಪುರದ ನಮ್ಮ ಸಂಘದ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಭಾಷಣ ಮಾಡುವದು ನನ್ನ ಕಸಬಲ್ಲ. ನಾನು ಇಪ್ಪತ್ತಾರು ವರ್ಷ ಇದೇ ಊರಿನ ಗಿರಣಿಯೊಂದರ ಸಾಂಚಾ ಖಾತೆಯಲ್ಲಿ ನಿಂತು ಮಗ್ಗ ನಡೆಯಿಸಿದವನು. ಆ ಸದ್ದಿನಲ್ಲಿ ಬಾಯಿಮಾತು ನಡೆಯುತ್ತಿರಲಿಲ್ಲ. ಕೈಸನ್ನೆ, ಕಣ್ಣುಸನ್ನೆಗಳಲ್ಲಿಯೇ ಮನೆಯ ಸುದ್ದಿಯೆಲ್ಲ ಮುಗಿಯುತ್ತಿತ್ತು. ಮಾತಾಡಲೇಬೇಕಾದರೆ ಕೂಗಬೇಕು. ಹೀಗಾಗಿ ನನ್ನ ಧ್ವನಿ ಈಗಲೂ ತುಸು ಏರಿದೆ. ಮನೆಯಲ್ಲಿ ನಾನು ಕುಡಿಯಲು ನೀರು ಕೇಳಿದರೂ ನೆರೆಯವರು ಜಗಳವೆಂದು ತಿಳಿಯುತ್ತಾರೆ. ಮುಂದೆ ಕುಳಿತವರು ಕ್ಷಮಿಸಬೇಕು. ಹಿಂದೆ ಕುಳಿತವರಿಗೆ ಅನುಕೂಲವೇ ಆಯಿತು.

ಕಾರ್ಯದರ್ಶಿಗಳು "ನೇಯ್ಗೆಯ ವಿಷಯ ನಾಲ್ಕು ಮಾತು ಹೇಳಿರಿ" ಎಂದರು. ನೇಯ್ಗೆಯೆಂದರೆ ಸಮುದ್ರ. ಅದರಲ್ಲಿ ಒಂದು ಬೆರಳಿನ ಅಗಲದಷ್ಟು ಸಂಗತಿಯನ್ನು ಮಾತ್ರ ನಾನು ಹೇಳುವವನಿದ್ದೇನೆ. ಇಳಕಲ್ ಸೀರೆಯಲ್ಲಿ ಮೈ ಮುಗಿದು ಸೆರಗು ಸುರುವಾಗುವ ಜಾಗವಿದೆಯಲ್ಲ, ಆ ಜಾಗದ ಸಂಗತಿ. ನಮ್ಮ ಕಡೆ ಅದಕ್ಕೆ ಕೊಂಡಿ ಎನ್ನುತ್ತಾರೆ.

ಇದನ್ನೇ ಏಕೆ ಆರಿಸಿದೆನೆಂದರೆ, ಇದರಲ್ಲಿ ನಾನೇ ಒಮ್ಮೆ ಮೋಸ ಹೋದವನು. 2004 ರಲ್ಲಿ ಮಗಳ ಲಗ್ನ. ಗಿರಣಿ ನಿಂತು ಎರಡು ವರ್ಷವಾಗಿತ್ತು, ಕೈಯಲ್ಲಿ ಹಣ ಅಷ್ಟಕ್ಕಷ್ಟೆ. ಊರಿನಿಂದ ಸೀರೆ ತರಿಸುವದು ದೂರದ ಮಾತೆಂದು ಇಲ್ಲಿಯೇ ಒಂದು ಅಂಗಡಿಯಲ್ಲಿ "ಇರಕಲ್" ಎಂದು ಹೇಳಿ ಕೊಟ್ಟ ಸೀರೆ ತಂದೆ. ಮಹಾರಾಷ್ಟ್ರದಲ್ಲಿ ಇಳಕಲ್ಲಿಗೆ ಇರಕಲ್ ಎನ್ನುವದು ನಿಮಗೆ ಗೊತ್ತೇ ಇದೆ. ಇಲ್ಲಿಯ ಹೆಣ್ಣುಮಕ್ಕಳೂ ತಲೆಮಾರುಗಳಿಂದ ಅದನ್ನು ಉಟ್ಟವರೇ. ಹಸಿರು ಮೈ, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆ. ನೋಡಲು ಚಂದವಿತ್ತು. ಲಗ್ನಕ್ಕೆ ನನ್ನ ತಾಯಿ ಬಂದಿದ್ದಳು. ಕಣ್ಣು ಆಗಲೇ ಮಂಜಾಗಿದ್ದವು. ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಸೆರಗಿನ ಬುಡದಲ್ಲಿ ಹೆಬ್ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. "ಇದಕ್ಕ ಕೊಂಡಿ ಎಲ್ಲೈತೋ ತಮ್ಮಾ?" ಎಂದಳು. ನಾನು ಸುಮ್ಮನಿದ್ದೆ. "ಇಪ್ಪತ್ತಾರು ವರ್ಷ ಗಿರಣ್ಯಾಗ ಏನ್ ನೋಡಿದಿ ನೀ?" ಎಂದು ನಕ್ಕಳು. ಬೀಗರು ಕೂಡಿದ್ದರು, ಅವರೂ ನಕ್ಕರು. ನಾನೂ ನಕ್ಕೆನೆನ್ನಿ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಾಯಿಯ ತವರಿನಲ್ಲಿ ಎರಡು ಮಗ್ಗಗಳಿದ್ದವು. ಕಣ್ಣು ಕಾಣದ ಮುದುಕಿಗೆ ಹೆಬ್ಬೆರಳಿಗೆ ತಿಳಿದದ್ದು ಕಣ್ಣಿದ್ದ ನನಗೆ ತಿಳಿಯಲಿಲ್ಲ.

ಈಗ ಕೊಂಡಿಯೆಂದರೇನು? ಹೋಟೆಲಿನ ಗೆಳೆಯರಿಗಾಗಿ ಮೊದಲಿನಿಂದ ಹೇಳುತ್ತೇನೆ. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಇಲ್ಲಿಯವರು ತಾಣಾ-ಬಾಣಾ ಎನ್ನುವದು ಇದಕ್ಕೇ. ಹಾಸನ್ನು ಮಗ್ಗದ ಮೇಲೆ ಬಿಗಿದಿರುತ್ತಾರೆ; ಲಾಳಿ ಆ ಕಡೆಯಿಂದ ಈ ಕಡೆ ಓಡಾಡಿ ಹೊಕ್ಕನ್ನು ತುಂಬುತ್ತದೆ. ಗಿರಣಿಯಲ್ಲಿ ಒಂದು ಬೀಮಿನ ಮೇಲೆ ನೂರಾರು ವಾರ ಹಾಸು ಸುತ್ತಿರುತ್ತದೆ. ಒಮ್ಮೆ ಏರಿಸಿದರೆ ದಿನಗಟ್ಟಲೆ ಚಿಂತೆಯಿಲ್ಲ. ಎಳೆ ಕಡಿದರೆ ಗಂಟು ಹಾಕು, ಲಾಳಿಯ ಬಾಬಿನ್ ಮುಗಿದರೆ ಬೇರೆ ಹಾಕು, ಇಷ್ಟೇ.

ಇಳಕಲ್ ಮಗ್ಗದಲ್ಲಿ ಹಾಗಲ್ಲ. ಅಲ್ಲಿ ಒಂದು ಸೀರೆಗೆ ಒಂದು ಹಾಸು. ಸೀರೆ ಮುಗಿಯಿತೆಂದರೆ ಹಾಸೂ ಮುಗಿಯಿತು, ಮತ್ತೆ ಮೊದಲಿನಿಂದ. ಆ ಒಂದು ಹಾಸೂ ಒಂದಲ್ಲ, ಮೂರು. ಸೀರೆಯ ಮೈಗೆ ಬೇರೆ, ದಡಿಗೆ ಬೇರೆ, ಸೆರಗಿಗೆ ಬೇರೆ. ಮೈ ಹೆಚ್ಚಾಗಿ ಹತ್ತಿಯ ನೂಲಿನದು. ದಡಿ, ಸೆರಗುಗಳು ರೇಶಿಮೆ ಇಲ್ಲವೆ ನಕಲಿ ರೇಶಿಮೆ, ಎರಡಕ್ಕೂ ಒಂದೇ ಬಣ್ಣ. ಸೆರಗಿನ ಉದ್ದ 16 ಇಂಚು, 27 ಇಂಚು, 36 ಇಂಚು ಎಂದು ಮೂರು ಬಗೆ. ಈಗ ಪ್ರಶ್ನೆ ಬರುತ್ತದೆ: ಹಸಿರು ಹತ್ತಿಯ ಹಾಸು ಮುಗಿದಲ್ಲಿ ಕೆಂಪು ರೇಶಿಮೆಯ ಹಾಸು ಸುರುವಾಗಬೇಕು. ಎರಡನ್ನೂ ಹಿಡಿದು ನಿಲ್ಲಿಸುವವರು ಯಾರು?

ಎಲ್ಲರೂ ಎಡಗೈಯ ತೋರುಬೆರಳನ್ನು ಬಾಗಿಸಿರಿ. ಬಲಗೈಯ ತೋರುಬೆರಳನ್ನು ಬಾಗಿಸಿ ಅದರೊಳಗೆ ಸಿಕ್ಕಿಸಿರಿ. ಈಗ ಎಳೆಯಿರಿ. ಬಿಡುತ್ತದೆಯೆ? ಬಿಡುವದಿಲ್ಲ. ಇದೇ ಕೊಂಡಿ. ಮೈಯ ಎಳೆ ಬಂದು ಮರಳುವಲ್ಲಿ ಒಂದು ಕುಣಿಕೆ. ಸೆರಗಿನ ಎಳೆ ಬಂದು ಅದರೊಳಗೆ ಹೊಕ್ಕು ಮರಳುವಲ್ಲಿ ಇನ್ನೊಂದು ಕುಣಿಕೆ. ಗಂಟಿಲ್ಲ. ಗಂಟಾದರೆ ಹಣಿಗೆಯಲ್ಲಿ ಸಿಕ್ಕುತ್ತದೆ, ಬಟ್ಟೆಯಲ್ಲಿ ಉಬ್ಬುತ್ತದೆ, ಗಿರಣಿಯವರು ಬಲ್ಲಿರಿ. ಕುಣಿಕೆಯೊಳಗೆ ಕುಣಿಕೆ, ಹೀಗೆ ಪನ್ನದ ಆ ತುದಿಯಿಂದ ಈ ತುದಿಯವರೆಗೆ. ಲೆಕ್ಕಕ್ಕೆಂದು ಇಂಚಿಗೆ 60 ಎಳೆ ಹಿಡಿಯಿರಿ, ದಡಿಗಳನ್ನು ಬಿಟ್ಟು 40 ಇಂಚು ಪನ್ನ ಹಿಡಿಯಿರಿ: 2,400 ಎಳೆಗಳಾದವು. ಅಷ್ಟನ್ನೂ ಸಾಲಿನಿಂದ ಒಂದನ್ನೂ ತಪ್ಪದೆ ಸಿಕ್ಕಿಸಬೇಕು. ನಡುವೆ ಒಂದು ತಪ್ಪಿದರೆ ಮುಂದಿನವೆಲ್ಲ ತಪ್ಪು. ಇದು ಒಬ್ಬರ ಕೈಯಿಂದ ನಡೆಯುವ ಕೆಲಸವಲ್ಲ. ಒಬ್ಬರು ಎಳೆ ಎತ್ತಿ ಕೊಡಬೇಕು, ಒಬ್ಬರು ಕೊಂಡಿ ಹಾಕಬೇಕು, ಮತ್ತೊಬ್ಬರು ಹಾಸನ್ನು ಬಿಗಿಯಾಗಿ ಹಿಡಿದಿರಬೇಕು. ಬೆಳಕು ಬೇಕು. ಮಕ್ಕಳು ಓಡಾಡಕೂಡದು. ನನ್ನ ಸೋದರತ್ತೆ ಕೊಂಡಿ ಹಾಕಲು ಕುಳಿತರೆ ಮನೆಯಲ್ಲಿ ಯಾರೂ ಸೀನುತ್ತಿರಲಿಲ್ಲ!

ಇಂಥ ಸೆರಗಿಗೆ ತೋಪ ತೆನಿ ಸೆರಗು ಎಂದು ಹೆಸರು. ಕೆಂಪಿನ ಮೂರು ಪಟ್ಟಿ, ನಡುನಡುವೆ ಬಿಳಿಯ ಎರಡು ಪಟ್ಟಿ. ಬಿಳಿಯದರಲ್ಲಿ ಹಣಿಗೆಯ ಹಲ್ಲು, ಜೋಳದ ತೆನೆ, ಗುಡ್ಡದ ಸಾಲು, ಕೋಟೆಯ ಗೋಡೆ ಇವುಗಳ ಆಕಾರ. ನಮ್ಮ ಭಾಷೆಯ ಸೊಗಸು ನೋಡಿರಿ: ತೆನೆಯೆಂದರೆ ಹೊಲದಲ್ಲಿಯ ತೆನೆಯೂ ಹೌದು, ಕೋಟೆಯ ಮೇಲಿನ ತೆನೆಯೂ ಹೌದು. ಒಕ್ಕಲಗಿತ್ತಿ ಉಟ್ಟರೆ ಜೋಳದ್ದು, ದೇಸಾಯರ ಮನೆಯವಳು ಉಟ್ಟರೆ ಕೋಟೆಯದು ಎನ್ನಬಹುದು. ದಡಿಗಳಲ್ಲಿ ಗೋಮಿ, ಚಿಕ್ಕಿ ಪರಾಸ, ಹೂ ಪರಾಸ, ಗಾಡಿ ಮುಂತಾದವು. ಗುಳೇದಗುಡ್ಡದ ಖಣ ಇದ್ದರೆ ಜೋಡಿ ಪೂರ್ತಿಯಾಯಿತು. ಈ ವರ್ಣನೆಯನ್ನು ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು, ಮುಂದೆ ಹೋಗುತ್ತೇನೆ.

ಇಷ್ಟು ಕಷ್ಟ ಏಕೆ ಪಟ್ಟರು? ಮೈಯ ಹಾಸನ್ನೇ ಸೆರಗಿನ ತುದಿಯವರೆಗೆ ಎಳೆದು, ಕೆಂಪು ಹೊಕ್ಕು ಹಾಕಿದ್ದರೆ ಕೆಲಸ ಸರಾಗವಾಗುತ್ತಿರಲಿಲ್ಲವೆ? ಆಗುತ್ತಿತ್ತು. ಆದರೆ ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದರೆ ಬರುವ ಬಣ್ಣ ಕೆಂಪಲ್ಲ, ಮಾಸಿದ ಕಂದು. ಹಾಸೂ ಕೆಂಪು, ಹೊಕ್ಕೂ ಕೆಂಪು ಇದ್ದಾಗಲೇ ಅದು ಕುಂಕುಮದ ಕೆಂಪು. ಇನ್ನೊಂದು ಕಾರಣ ನನಗೆ ತೋರುವದು ಹಣದ್ದು. ರೇಶಿಮೆ ತುಟ್ಟಿ. ಇಡೀ ಎಂಟು ವಾರ, ಒಂಬತ್ತು ವಾರ ರೇಶಿಮೆ ಉಡುವ ಶಕ್ತಿ ಹೊಲದಲ್ಲಿ ದುಡಿಯುವವಳಿಗೆ ಎಲ್ಲಿಯದು? ಮೈಗೆ ಹತ್ತಿ, ಬೆವರು ಹೀರುತ್ತದೆ, ಕಚ್ಚೆ ಹಾಕಿದರೆ ಜಾರುವದಿಲ್ಲ, ಕಲ್ಲಿಗೆ ಒಗೆದರೆ ತಾಳುತ್ತದೆ. ತಲೆಯ ಮೇಲೆ, ಹೆಗಲ ಮೇಲೆ ಕಾಣುವ ಸೆರಗಿಗೆ ಮಾತ್ರ ರೇಶಿಮೆ. ದುಡಿಯುವವಳು ಮದುವೆಯಲ್ಲಿ ನಾಲ್ಕು ಜನರ ಸಮ ನಿಲ್ಲಬೇಕೆಂದು ನೇಕಾರ ಹುಡುಕಿದ ಹಾದಿ ಇದು ಎಂದು ನಾನು ತಿಳಿಯುತ್ತೇನೆ. ಅದರ ಭಾರವನ್ನು ಕೊಂಡಿ ಹಾಕುವ ಕೈಗಳು ಹೊತ್ತವು.

ಆ ಕೈಗಳು ಯಾರವು? ಇಳಕಲ್ಲಿನಲ್ಲಿ ನೇಯ್ಗೆ ಮನೆಯೊಳಗಿನ ಉದ್ಯೋಗ. ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನು ಕಾಣುತ್ತಾನೆ, ಅವನಿಗೆ ನೇಕಾರನೆಂದು ಹೆಸರು. ಲಡಿ ಬಿಚ್ಚುವವಳು, ಕಂಡಿಕೆ ಸುತ್ತುವವಳು, ಹಾಸಿಗೆ ಗಂಜಿ ಹಚ್ಚುವವಳು, ಕೊಂಡಿ ಹಾಕುವವಳು ಇವರೆಲ್ಲ ಮನೆಯವರು. ಒಂದು ಸೀರೆಗೆ ಸುಮಾರು ಏಳು ದಿನ ಹಿಡಿಯುತ್ತದೆ ಎನ್ನುತ್ತಾರಲ್ಲ, ಅದು ಎಷ್ಟು ಜನರ ಏಳು ದಿನ? ಮಜೂರಿ ಕೊಡುವಾಗ ಸೀರೆಯೊಂದಕ್ಕೆ ಇಷ್ಟು ಎಂದು ಕೊಡುತ್ತಾರೆ. ಆ ಲೆಕ್ಕದಲ್ಲಿ ಹೆಂಗಸರ ಹೆಸರೇ ಇರುವದಿಲ್ಲ. ಗಿರಣಿಯಲ್ಲಿ ವೈಂಡಿಂಗ್ ಖಾತೆಯ ಹೆಂಗಸರಿಗೆ ಕಡಿಮೆಯಾದರೂ ತಮ್ಮದೇ ಪಗಾರ, ತಮ್ಮದೇ ಹಾಜರಿ ಕಾರ್ಡು ಇತ್ತು. ನನ್ನ ಸೋದರತ್ತೆ ಐವತ್ತು ವರ್ಷ ಕೊಂಡಿ ಹಾಕಿದಳು. ಅವಳ ಹೆಸರಿನಲ್ಲಿ ಒಂದು ಚೀಟಿಯೂ ಎಲ್ಲಿಯೂ ಇಲ್ಲ.

ಈ ನಾಗಪುರದಲ್ಲಿ ಕುಳಿತು ಇಳಕಲ್ಲನ್ನಷ್ಟೇ ಹೊಗಳಿದರೆ ಅನ್ನ ಹಾಕಿದ ಊರನ್ನು ಮರೆತಂತಾಗುತ್ತದೆ. ಇದು ಮೊದಲಿನಿಂದ ನೇಯುವವರ ಊರು. ಇತ್ವಾರಿ, ಮಹಾಲ ಕಡೆಯ ಹಳೆಯ ಓಣಿಗಳಲ್ಲಿ ಕೋಷ್ಟಿ, ಹಲಬಾ ಕೋಷ್ಟಿ, ಪದ್ಮಶಾಲಿ ಮನೆಗಳು. ಸುತ್ತಲಿನ ಹಳ್ಳಿಗಳಲ್ಲಿ ಒರಟು ಬಟ್ಟೆ ನೇಯುತ್ತಿದ್ದ ಮಹಾರ ಮನೆಗಳು. ಜಮಶೇಟಜಿ ಟಾಟಾ ಅವರ ಎಂಪ್ರೆಸ್ ಗಿರಣಿ ಸುರುವಾದದ್ದು 1877 ರ ಜನೆವರಿ 1 ಕ್ಕೆ. ಹತ್ತಿ ಇಲ್ಲಿ, ಕಲ್ಲಿದ್ದಲು ಹತ್ತಿರ, ರೇಲ್ವೆ 1867 ರಲ್ಲಿಯೇ ಬಂದಿತ್ತು. ಕೈಮಗ್ಗದ ಎಷ್ಟೋ ಮನೆಗಳ ಮಕ್ಕಳು ಆ ಭೋಂಗಾ ಕೇಳಿ ಗಿರಣಿಗೆ ನಡೆದರು. ನಾವು ಕನ್ನಡಿಗರು ಬಂದದ್ದು ಬಹಳ ತಡವಾಗಿ. 2002 ರಲ್ಲಿ ಆ ಗಿರಣಿಯೂ ನಿಂತಿತು. ಯಂತ್ರ ಕೈಯನ್ನು ತಿಂದಿತು ಎಂದು ಪುಸ್ತಕದಲ್ಲಿ ಓದುತ್ತೇವೆ. ಯಂತ್ರದ ಗತಿ ಏನಾಯಿತೆಂಬುದನ್ನು ನಮ್ಮ ಕಣ್ಣಿನಿಂದಲೇ ಕಂಡಿದ್ದೇವೆ.

ಈ ಭಾಗದ ಕೈಮಗ್ಗದ ಹೆಮ್ಮೆಯೆಂದರೆ ಕರವತಿ ಸೀರೆ. ಕರವತ ಎಂದರೆ ಗರಗಸ. ಟಸರ್ ರೇಶಿಮೆಯ ಮೈ, ಹತ್ತಿಯ ದಡಿ, ದಡಿಗೆ ಗರಗಸದ ಹಲ್ಲು. ಭಂಡಾರಾ ಜಿಲ್ಲೆಯ ಮೊಹಾಡಿ, ಆಂಧಳಗಾಂವ ಕಡೆ ಇದನ್ನು ನೇಯುತ್ತಾರೆ. ಒಮ್ಮೆ ಅಲ್ಲಿಗೆ ಹೋಗಿ ಒಂದು ಹೊತ್ತು ಮಗ್ಗದ ಪಕ್ಕಕ್ಕೆ ಕುಳಿತಿದ್ದೆ. ಮೂರು ಲಾಳಿ: ಎಡ ದಡಿಗೆ ಒಂದು, ಮೈಗೆ ಒಂದು, ಬಲ ದಡಿಗೆ ಒಂದು. ಮೈಯ ಹೊಕ್ಕು ಬಂದು ದಡಿಯ ಹೊಕ್ಕಿಗೆ ಕೈ ಕೊಟ್ಟು ಮರಳುತ್ತದೆ, ಪ್ರತಿ ಎಳೆಗೂ ಹಾಗೆಯೇ. ನಾನು "ಇದೂ ಕೊಂಡಿಯೇ" ಎಂದು ಕೂಗಿಯೇ ಬಿಟ್ಟೆ. ನೇಕಾರ ಬೆದರಿ ಲಾಳಿ ಬಿಟ್ಟ. ನಮ್ಮದು ಹಾಸಿನ ಕೊಂಡಿ, ಅವರದು ಹೊಕ್ಕಿನ ಕೊಂಡಿ. ನಮ್ಮ ಕಷ್ಟ ಸೀರೆಗೆ ಒಮ್ಮೆ. ಅವರ ಕಷ್ಟ ಲಾಳಿ ಎಸೆದಾಗಲೆಲ್ಲ.

ಹಾಸಿನ ಕೊಂಡಿ ಮಾತ್ರ ಜಗತ್ತಿನಲ್ಲಿ ನಮ್ಮ ಇಳಕಲ್ಲಿನವರಿಗಷ್ಟೇ ಗೊತ್ತು ಎಂದು ನಾನು ಬಹಳ ದಿನ ಹೆಮ್ಮೆ ಪಟ್ಟುಕೊಂಡಿದ್ದೆ. ಆ ಹೆಮ್ಮೆಯನ್ನು ಇಳಿಸಿದವಳು ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು. ಗ್ರಂಥಾಲಯದಿಂದ ಚಿತ್ರದ ಪುಸ್ತಕವೊಂದನ್ನು ತಂದು, "ಅಜ್ಜಾ, ನಿಮ್ಮ ಕೊಂಡಿ ಇಲ್ಲಿಯೂ ಐತಿ ನೋಡು" ಎಂದಳು. ಅದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರ ಬಟ್ಟೆ. ಪೆರು, ಬೊಲಿವಿಯ ದೇಶಗಳಲ್ಲಿ ಕೆಚುವಾ, ಐಮಾರಾ ಎಂಬ ಭಾಷೆಗಳನ್ನಾಡುವ ಒಕ್ಕಲಿಗರು, ಕುರಿಗಾರರು. ಹೋಟೆಲಿನವರು ಈ ಜನಕ್ಕೆ ಕೈ ಮುಗಿಯಬೇಕು: ಆಲೂಗಡ್ಡೆಯನ್ನು ಮೊದಲು ಬೆಳೆದವರು ಅವರ ಹಿರಿಯರೇ. ಅವರಿಲ್ಲದಿದ್ದರೆ ಮಸಾಲೆ ದೋಸೆಯೊಳಗೆ ಏನು ತುಂಬುತ್ತಿದ್ದಿರಿ? ಗಿರಣಿಯವರೂ ಮುಗಿಯಬೇಕು: ಉದ್ದ ಎಳೆಯ ನಯವಾದ ಹತ್ತಿಯ ಕುಲ ಆ ಖಂಡದ್ದು. ಈಜಿಪ್ತದ ಹತ್ತಿ, ನಮ್ಮ ದೇಶದ ಸುವಿನ್ ಹತ್ತಿ ಎಲ್ಲ ಅದೇ ಕುಲದವು.

ಅಲ್ಲಿ ಮಗ್ಗವೆಂದರೆ ನಾಲ್ಕು ಕೋಲು. ಒಂದು ತುದಿಯನ್ನು ಗೂಟಕ್ಕೆ ಕಟ್ಟುತ್ತಾರೆ, ಇನ್ನೊಂದು ತುದಿಯ ಪಟ್ಟಿಯನ್ನು ನೇಯುವವಳು ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲು. ಮೈಯೇ ಮಗ್ಗದ ಒಂದು ಭಾಗ. ನೂಲು ಹೆಚ್ಚಾಗಿ ಉಣ್ಣೆ. ಕುರಿಯದು, ಇಲ್ಲವೆ ಒಂಟೆಯ ಕುಲದ ಲಾಮಾ, ಅಲ್ಪಾಕಾ ಎಂಬ ಪ್ರಾಣಿಗಳದು. ಬಟ್ಟೆಯ ನಾಲ್ಕೂ ಬದಿಗೆ ಅಂಚು ಬರುವಂತೆ ನೇಯುತ್ತಾರೆ. ಮಗ್ಗದಿಂದ ಇಳಿಸುವಾಗ ಕತ್ತರಿ ಮುಟ್ಟಿಸುವದಿಲ್ಲ. ಅಂಥ ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಕಟ್ಟುತ್ತಾರೆ, ಆಲೂಗಡ್ಡೆ ಹೊರುತ್ತಾರೆ, ಹಬ್ಬಕ್ಕೆ ಹೆಗಲಿಗೆ ಹೊದೆಯುತ್ತಾರೆ.

ಹೆಣೆಯುವದರಲ್ಲಿಯೂ ಅವರು ಗಟ್ಟಿಗರು. ಕುರಿಗಾರರು ಉಣ್ಣೆಯ ಎಳೆಗಳನ್ನು ಜಡೆಯಂತೆ ಹೆಣೆದು ಕವಣೆ ಮಾಡುತ್ತಾರೆ, ಅದರಲ್ಲಿ ಬಣ್ಣಬಣ್ಣದ ಚಿತ್ತಾರ ಬೇರೆ. ನಮ್ಮ ಕಡೆ ಜೋಳ ಕಾಯುವವರು ಅಟ್ಟದ ಮೇಲೆ ನಿಂತು ಹಕ್ಕಿಗೆ ಬೀಸುವ ಕವಣೆಯ ಅಣ್ಣತಮ್ಮ ಅದು. ಇನ್ನು ಹುಲ್ಲಿನ ಹಗ್ಗ ಹೆಣೆದು ಹೊಳೆಗೆ ಸೇತುವೆಯನ್ನೇ ಕಟ್ಟುತ್ತಾರೆ ಎಂದರೆ ನಂಬುತ್ತೀರಾ? ಅಪುರಿಮಾಕ್ ಎಂಬ ಹೊಳೆಯ ಮೇಲೆ ಕೆಸ್ವಾಚಾಕಾ ಎಂಬ ಸೇತುವೆ. ನಾಲ್ಕು ಊರಿನವರು ವರ್ಷಕ್ಕೊಮ್ಮೆ ಕೂಡಿ, ಹಳೆಯದನ್ನು ಕಡಿದು ಹೊಳೆಗೆ ಬಿಟ್ಟು, ಹೊಸದನ್ನು ಹೆಣೆಯುತ್ತಾರೆ. ಯುನೆಸ್ಕೊ 2013 ರಲ್ಲಿ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊಂಡಿಗೆ ಬರುತ್ತೇನೆ. ಸಾವಿರ ವರ್ಷಕ್ಕೂ ಹಿಂದೆ, ನಾಸ್ಕಾ, ವಾರಿ ಎಂದು ಈಗ ಕರೆಯುವ ಜನರ ಕಾಲದಲ್ಲಿ, ಅಲ್ಲಿ ಹಾಸಿನ ಬಣ್ಣವನ್ನು ನಡುನಡುವೆ ಬದಲಿಸಿ ನೇಯುತ್ತಿದ್ದರು. ಬಣ್ಣ ಬದಲಾಗುವ ಕಡೆ ಒಂದು ಅಡ್ಡ ಎಳೆ ಕಟ್ಟುವದು. ಈ ಬಣ್ಣದ ಹಾಸು ಅದನ್ನು ಸುತ್ತಿ ಈ ಕಡೆ ಮರಳುವದು, ಆ ಬಣ್ಣದ್ದು ಅದನ್ನು ಸುತ್ತಿ ಆ ಕಡೆ ಮರಳುವದು. ಬೇಕಾದಲ್ಲಿ ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿ ಆ ಅಡ್ಡ ಎಳೆಯನ್ನು ಎಳೆದು ತೆಗೆಯುವದು. ಕೆಲಸ ನಮ್ಮದೇ! ಇಳಕಲ್ಲಿನವರು ಅವರನ್ನು ಕಂಡವರಲ್ಲ, ಅವರು ಇಳಕಲ್ಲಿನವರನ್ನು ಕಂಡವರಲ್ಲ. ಶುದ್ಧ ಕೆಂಪು ಬೇಕೆಂಬ ಆಸೆ ಎರಡೂ ಕಡೆಯ ಬೆರಳುಗಳಿಗೆ ಒಂದೇ ಹಾದಿಯನ್ನು ತೋರಿಸಿತು. ಆ ನೇಯ್ಗೆಗೆ ಅಲ್ಲಿ ತಿಕ್ಲಾ ಎನ್ನುತ್ತಾರೆ. ಕುಸ್ಕೊ ಪಟ್ಟಣದ ಕಡೆಯ ಪಿಟುಮಾರ್ಕಾ ಎಂಬ ಊರಿನ ಹೆಂಗಸರು ಇಂದಿಗೂ ಅದನ್ನು ನೇಯುತ್ತಾರೆ. ನಿಲ್ದಾ ಕಾಲ್ಯನಾವ್ಪಾ ಎಂಬ ನೇಕಾರ ಹೆಣ್ಣುಮಗಳು ಮುಂದೆ ನಿಂತು 1996 ರಲ್ಲಿ ಕುಸ್ಕೊದಲ್ಲಿ ಒಂದು ನೇಯ್ಗೆಯ ಕೇಂದ್ರ ತೆಗೆದಳು. ಅಲ್ಲಿ ಮುದುಕಿಯರಿಂದ ಕಲಿತು ಕಿರಿಯರು ನೇಯುತ್ತಾರೆ.

ಆ ಜನರ ದುಡಿಮೆಯ ಕಥೆಯೂ ಕೇಳುವಂಥದು. ಇಂಕಾ ಅರಸರು ಬಟ್ಟೆಯನ್ನೇ ತೆರಿಗೆಯಾಗಿ ತೆಗೆದುಕೊಳ್ಳುತ್ತಿದ್ದರು. 1532 ರಲ್ಲಿ ಸ್ಪೇನದವರು ಬಂದು ಗೆದ್ದ ಮೇಲೆ ಒಬ್ರಾಹೆ ಎಂಬ ನೇಯ್ಗೆಯ ಕಾರಖಾನೆಗಳನ್ನು ಹಾಕಿದರು. ತೆರಿಗೆ ತೀರಿಸಲಿಕ್ಕೆಂದು, ಸಾಲ ತೀರಿಸಲಿಕ್ಕೆಂದು ಜನರನ್ನು ಅದರೊಳಗೆ ಕೂಡಿಹಾಕಿ ದುಡಿಸುವದು. 1780 ರಲ್ಲಿ ತುಪಾಕ್ ಅಮಾರು ಎಂಬವನು ಬಂಡೆದ್ದಾಗ ಪೊಮಾಕಾಂಚಿ ಎಂಬಲ್ಲಿಯ ಅಂಥ ಕಾರಖಾನೆಯ ಬಾಗಿಲು ತೆರೆಯಿಸಿ ಬಟ್ಟೆಯನ್ನು ಜನರಿಗೆ ಹಂಚಿದನು. ಮರುವರ್ಷ ಅವನನ್ನು ಕೊಂದರು. ಇಂಕಾ ಮನೆತನದ ಉಡುಪನ್ನು ತೊಡಕೂಡದೆಂದು ಅಪ್ಪಣೆಯಾಯಿತು. ಬಟ್ಟೆಗೆ ಸರಕಾರ ಹೆದರಿದ್ದು ಗಾಂಧೀಜಿಯವರ ಕಾಲದಲ್ಲಿ ಮಾತ್ರವಲ್ಲ.

ಈಗ ಅವರಿಗೂ ನಮ್ಮದೇ ಪಾಡು. ಸಂತೆಯಲ್ಲಿ ಯಂತ್ರದಿಂದ ನೇಯ್ದ ಅಕ್ರಿಲಿಕ್ ನೂಲಿನ ಹೊದಿಕೆ ಬಂದಿದೆ. ಬಣ್ಣ ಕಣ್ಣು ಕುಕ್ಕುತ್ತದೆ, ಬೆಲೆ ಅಗ್ಗ, ಚಿತ್ತಾರ ಹಳೆಯದರ ನಕಲು. ಪ್ರವಾಸಿಗಳು ಕೈಯಿಂದ ನೇಯ್ದದ್ದೆಂದೇ ಒಯ್ಯುತ್ತಾರೆ. ನಾನು ಮಗಳ ಲಗ್ನಕ್ಕೆ ಒಯ್ದಂತೆ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಾನು ಪಾವರಲೂಮಿನ ವೈರಿಯಲ್ಲ. ಜೀವಮಾನವೆಲ್ಲ ಯಂತ್ರದ ಮಗ್ಗದಲ್ಲಿ ಉಂಡವನು ಯಂತ್ರವನ್ನು ಬೈದರೆ ನಾಲಿಗೆಗೆ ಹುಳ ಬೀಳಲಿಕ್ಕಿಲ್ಲವೆ? ಪಾವರಲೂಮಿನವನೂ ಕೂಲಿಕಾರನೇ, ಹನ್ನೆರಡು ತಾಸಿನ ಪಾಳಿ, ಕಿವಿ ಕೆಡುವ ಸದ್ದು, ನಾಳೆ ಕೆಲಸವುಂಟೋ ಇಲ್ಲವೋ ಗೊತ್ತಿಲ್ಲ. ಅವನು ನೇಯ್ದ ಅಗ್ಗದ ಸೀರೆಯಿಂದ ಬಡವರ ಮೈ ಮುಚ್ಚುತ್ತದೆ. ನನ್ನ ತಕರಾರು ಹೆಸರಿನ ಬಗ್ಗೆ. ಕೊಂಡಿ ಇಲ್ಲದ್ದನ್ನು ಕೊಂಡಿಯ ಸೀರೆಯೆಂದು ಮಾರಿದರೆ ಕೊಳ್ಳುವವನಿಗೆ ಮೋಸ. ಜೊತೆಗೆ ಕೊಂಡಿ ಹಾಕಿದವಳ ಮಜೂರಿಯೂ ಯಂತ್ರದ ದರಕ್ಕೆ ಇಳಿಯುತ್ತದೆ. ವ್ಯಾಪಾರಸ್ಥ ಅವಳಿಗೆ "ಅಂಥದೇ ಸೀರಿ ಅರ್ಧ ಬೆಲೆಗೆ ಸಿಗತೈತಿ, ನಿನಗ್ಯಾಕ ಹೆಚ್ಚಿಗಿ?" ಎನ್ನುತ್ತಾನೆ. ಅಂಥದೇ ಅಲ್ಲವೆಂದು ಅವಳಿಗೆ ಗೊತ್ತು, ಅವನಿಗೂ ಗೊತ್ತು. ಗೊತ್ತಿಲ್ಲದವರು ನಾವು.

ಕಾನೂನು ಇಲ್ಲವೆ ಎಂದರೆ ಇದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿಯೇ ನೇಯಬೇಕೆಂದು 1985 ರಲ್ಲಿ ಕೈಮಗ್ಗ ಮೀಸಲು ಕಾಯಿದೆ ಆಯಿತು. ಗಿರಣಿಯವರೂ ಪಾವರಲೂಮಿನವರೂ ಕೋರ್ಟಿಗೆ ಹೋದರು. 1993 ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಬಗೆಯ ಬಟ್ಟೆಗಳಿದ್ದ ಪಟ್ಟಿ ಆಮೇಲೆ 11 ಕ್ಕೆ ಇಳಿಯಿತು. 2006 ರಲ್ಲಿ ಕೈಮಗ್ಗದ ಗುರುತುಚೀಟಿ ಬಂತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ, ಕರವತಿಗೂ ಆಗಿದೆ. ಕಾಗದದಲ್ಲಿ ಎಲ್ಲ ಸರಿಯಾಗಿದೆ. ಅಂಗಡಿಯ ಕಟ್ಟೆಯ ಮೇಲೆ ಕಾಗದ ಓದುವವರು ಯಾರು?

ಸರಕಾರದ ಎಣಿಕೆಯನ್ನೇ ನೋಡಿರಿ. 2009-10 ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಈ ಕೆಲಸದವರು 43.31 ಲಕ್ಷ, 2019-20 ರ ಗಣತಿಯಲ್ಲಿ 35.22 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನ ಮಗ್ಗ ಬಿಟ್ಟೆದ್ದರು. ಉಳಿದವರಲ್ಲಿ ನೂರಕ್ಕೆ 70 ಕ್ಕಿಂತ ಹೆಚ್ಚು ಹೆಂಗಸರು. ಮೂರರಲ್ಲಿ ಎರಡು ಪಾಲು ಮನೆಗಳ ತಿಂಗಳ ಆದಾಯ 5,000 ರೂಪಾಯಿಯೊಳಗೆ. ಐದು ಸಾವಿರ! ನಮ್ಮ ಹೋಟೆಲುಗಳಲ್ಲಿ ಲೋಟ ತೊಳೆಯುವ ಹುಡುಗನೂ ಇಷ್ಟಕ್ಕೆ ಒಪ್ಪಲಾರ, ಅವನಿಗೆ ಮೇಲೆ ಎರಡು ಹೊತ್ತಿನ ಊಟವೂ ಇರುತ್ತದೆ. ಇಳಕಲ್ಲಿನ ನನ್ನ ಸೋದರಮಾವನ ಮೊಮ್ಮಗ ಕಳೆದ ವರ್ಷ ಇದೇ ಮಾತು ಹೇಳಿ ಇಲ್ಲಿಗೆ ಬಂದ. ಈಗ ಇಲ್ಲಿಯೇ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತಿದ್ದಾನೆ. ಈ ಸಭೆಯಲ್ಲಿಯೂ ಇದ್ದಾನೆ, ನಾಚುತ್ತಾನೆ, ಹೆಸರು ಹೇಳುವದಿಲ್ಲ. ಅವನ ತಾಯಿಗೆ ಕೊಂಡಿ ಹಾಕಲು ಎಳೆ ಎತ್ತಿ ಕೊಡುತ್ತಿದ್ದವನು ಇವನೇ. ಈಗ ಯಾರು ಎತ್ತಿ ಕೊಡುತ್ತಾರೆ ಎಂದು ಕೇಳಿದೆ. "ಅವ್ವ ಈಗ ಕೊಂಡಿ ಇಲ್ಲದ್ದ ನೇಯ್ತಾಳ, ಮಾಮಾ" ಎಂದ. ಅವನು ಇಲ್ಲಿಗೆ ಬಂದದ್ದು ತಪ್ಪೆನ್ನುವ ಬಾಯಿ ನನಗಿಲ್ಲ. ನಾನೂ ಹಾಗೆಯೇ ಬಂದವನು.

ಆದಕಾರಣ ಸಂಘದ ಮುಂದೆ ಒಂದು ಸೂಚನೆ ಇಡುತ್ತೇನೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕಾರು ಲಗ್ನಗಳಾಗುತ್ತವೆ. ಹೇಗೂ ಇರಕಲ್ ಕೊಳ್ಳುತ್ತೇವೆ. ಲಗ್ನ ಗೊತ್ತಾದ ಕೂಡಲೆ ಸಂಘಕ್ಕೆ ತಿಳಿಸಿದರೆ, ಅಂಥ ಬೇಡಿಕೆಗಳನ್ನು ಕೂಡಿಸಿ ಕೊಂಡಿ ಹಾಕುವ ಮನೆಗಳಿಗೇ ನೇರವಾಗಿ ಮುಂಗಡ ಕಳಿಸೋಣ. ಏಳು ದಿನದ ಕೆಲಸಕ್ಕೆ ಏಳು ದಿನದ ಹೊತ್ತು ಕೊಡೋಣ. ಹಣದ ಲೆಕ್ಕ ಖಜಾಂಚಿಗಳು ನೋಡಲಿ. ಬೆಲೆ ಹೆಚ್ಚಾಗುತ್ತದೆ, ಸುಳ್ಳು ಹೇಳುವದಿಲ್ಲ. ಸಾಧ್ಯವಿಲ್ಲದವರು ಅಂಗಡಿಯದನ್ನೇ ಕೊಳ್ಳಲಿ, ಆದರೆ ಯಂತ್ರದ್ದೆಂದು ತಿಳಿದು ಯಂತ್ರದ ಬೆಲೆಗೆ ಕೊಳ್ಳಲಿ.

ಗುರುತಿಸುವದು ಕಷ್ಟವಲ್ಲ. ಸೆರಗನ್ನು ಬೆಳಕಿಗೆ ಹಿಡಿಯಿರಿ. ಕೆಂಪಿನೊಳಗೆ ಮೈಯ ಬಣ್ಣದ ಎಳೆಗಳು ಉದ್ದಕ್ಕೆ ಓಡುತ್ತಿದ್ದರೆ ಅದಕ್ಕೆ ಕೊಂಡಿಯಿಲ್ಲ. ಕೆಂಪು ಎರಡೂ ಮಗ್ಗುಲಿಗೆ ಅಚ್ಚ ಕೆಂಪಿದ್ದು, ಮೈ ಸೆರಗು ಕೂಡುವಲ್ಲಿ ಸಣ್ಣ ಕುಣಿಕೆಗಳ ಒಂದು ಗೆರೆ ಅಡ್ಡಕ್ಕೆ ಕಂಡರೆ ಇದೆ. ಕಣ್ಣಿಗೆ ಕಾಣದಿದ್ದರೆ ಹೆಬ್ಬೆರಳು ಆಡಿಸಿರಿ.

ಮೇಜಿನ ಮೇಲೆ ಎರಡು ಸೀರೆಗಳನ್ನು ಇಟ್ಟಿದ್ದೇನೆ. ಒಂದು ನಾನು 2004 ರಲ್ಲಿ ತಂದದ್ದು, ಮಗಳು ಕೊಟ್ಟು ಕಳಿಸಿದ್ದಾಳೆ. ಇನ್ನೊಂದು ನನ್ನ ತಾಯಿಯದು, ಅವಳ ಲಗ್ನದ್ದು. ಮೈ ಅಲ್ಲಲ್ಲಿ ಜೀರ್ಣವಾಗಿದೆ, ಕೊಂಡಿ ಒಂದೂ ಬಿಟ್ಟಿಲ್ಲ. ಯಾವದು ಯಾವದೆಂದು ನಾನು ಹೇಳುವದಿಲ್ಲ. ಒಬ್ಬೊಬ್ಬರಾಗಿ ಬಂದು ನೋಡಿರಿ. ಹೋಟೆಲಿನಿಂದ ನೇರವಾಗಿ ಬಂದವರು ಮಾತ್ರ ಮೊದಲು ಹೊರಗಿನ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬರಬೇಕು.